ಹೆರಿಗೆಯ ನಂತರ ಇಂಜೆಕ್ಷನ್ ಕೊಟ್ಟ ಜಾಗ ನೀಲಿಯಾದರೆ ಸುಮ್ಮನಿರಬಹುದಾ?

ಪ್ರಶ್ನೆ: ನನ್ನ ತಂಗಿಗೆ ಸಿಸೇರಿಯನ್ ಆಗಿ ಎರಡು ದಿನವಾಯಿತು. ನೋವು ಕಡಿಮೆಯಾಗಲಿ ಅಂತ ಸೊಂಟದ ಹಿಂಭಾಗಕ್ಕೆ ಇಂಜೆಕ್ಷನ್ ಕೊಟ್ಟಿದ್ದರು. ಆ ಜಾಗ ಈಗ ನೀಲಿಯಾಗಿದೆ, ಮುಟ್ಟೋಕೂ ಬಿಡ್ತಿಲ್ಲ. "ಇಂಜೆಕ್ಷನ್ ಅಂದ್ಮೇಲೆ ನೋವು ಇದ್ದದ್ದೇ" ಅಂತಾರೆ ಎಲ್ಲರೂ. ನಿಜವಾ?

ಉತ್ತರ: ಇವತ್ತೇ ಡಾಕ್ಟರಿಗೆ ತೋರಿಸಿ. ಚರ್ಮದಡಿ ಸ್ವಲ್ಪ ರಕ್ತ ಸೋರಿ ಆದ ಕಲೆಯೂ ಇರಬಹುದು. ಆದರೆ ನೀಲಿ ಬಣ್ಣ, ಮುಟ್ಟಲಾಗದ ನೋವು ಎರಡೂ ಒಟ್ಟಿಗೆ ಬಂದಾಗ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು.

ಮಾಂಸಖಂಡಕ್ಕೆ ಚುಚ್ಚಿದ ಮೇಲೆ ಒಂದೆರಡು ದಿನ ನೋವು, ಸಣ್ಣ ಗಂಟು ಇರುವುದು ಸಹಜ. ಆ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ. ಏರುತ್ತಾ ಹೋಗುವ ನೋವು ಬೇರೆಯೇ ಕಥೆ ಹೇಳುತ್ತದೆ.

ನಿಕೊಲಾವ್ ಸಿಂಡ್ರೋಮ್ ಎಂಬ ಅಪರೂಪದ ತೊಂದರೆಯೊಂದಿದೆ. 1920ರ ದಶಕದಲ್ಲಿ ಸಿಫಿಲಿಸ್ ರೋಗಕ್ಕೆ ಬಿಸ್ಮತ್ ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ ವೈದ್ಯರು ಇದನ್ನು ಮೊದಲು ವಿವರಿಸಿದರು. ಈಗ ಇದು ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಮತ್ತು ಕೆಲವು ಪೆನಿಸಿಲಿನ್ ಇಂಜೆಕ್ಷನ್‌ಗಳ ನಂತರ ಕಾಣಿಸುತ್ತದೆ. ಔಷಧಿ ಸಣ್ಣ ರಕ್ತನಾಳದೊಳಗೆ ಅಥವಾ ಅದರ ಪಕ್ಕದಲ್ಲೇ ಬಿದ್ದು, ನಾಳ ಬಿಗಿದುಕೊಂಡು ಇಲ್ಲವೇ ಮುಚ್ಚಿಕೊಂಡು, ಆ ಭಾಗಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ ಅನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಚುಚ್ಚಿದ ಕೂಡಲೇ ಕಿತ್ತುಬರುವಂಥ ನೋವು ಶುರುವಾಗುತ್ತದೆ. ಚರ್ಮ ಮೊದಲು ಬಿಳಿಚಿಕೊಳ್ಳುತ್ತದೆ. ಆಮೇಲೆ ಕೆಂಪು ಅಥವಾ ನೇರಳೆ ಬಣ್ಣದ ಬಲೆಯಂಥ ಗೆರೆಗಳು ಮೂಡುತ್ತವೆ. ಕೆಲವು ದಿನಗಳಲ್ಲಿ ಅಲ್ಲಿನ ಚರ್ಮ, ಕೊಬ್ಬು, ಒಮ್ಮೊಮ್ಮೆ ಮಾಂಸಖಂಡವೂ ಸತ್ತು ಕಪ್ಪಾಗಬಹುದು. ಹುಣ್ಣು ಮಾಯಲು ತಿಂಗಳುಗಳೇ ಹಿಡಿಯಬಹುದು.

ಬಾಣಂತಿಯರ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ಸೊಂಟದಿಂದ ಕೆಳಗೆ ಮರಗಟ್ಟಿರುತ್ತದೆ. ಆ ಹೊತ್ತಲ್ಲಿ ಇಂಜೆಕ್ಷನ್ ಕೊಟ್ಟರೆ, ಎಚ್ಚರಿಸಬೇಕಾದ ನೋವೇ ಗೊತ್ತಾಗುವುದಿಲ್ಲ. ಅರಿವಳಿಕೆ ಇಳಿದ ಮೇಲೆ ಹೊಲಿಗೆಯ ನೋವು, ಬೆನ್ನುನೋವು ಎಲ್ಲ ಸೇರಿಕೊಂಡಿರುತ್ತವೆ. ಅವಳು ನೋವು ಅಂದರೆ "ಹೆರಿಗೆ ಆದ್ಮೇಲೆ ಹಾಗೇ" ಅಂದುಬಿಡುವುದು ಸುಲಭ, ಅಲ್ವಾ? ಮಲಗಿರುವವಳಿಗೆ ತನ್ನ ಸೊಂಟದ ಹಿಂಭಾಗ ಕಾಣುವುದೂ ಇಲ್ಲ. ಆದ್ದರಿಂದ ಜೊತೆಗಿರುವವರು ಬಟ್ಟೆ ಸರಿಸಿ ಆ ಜಾಗವನ್ನು ಕಣ್ಣಾರೆ ನೋಡಲೇಬೇಕು.

ಒಂದು ಮಾತು ತಪ್ಪದೆ ನೆನಪಿಡಿ: ಚರ್ಮದ ಬಣ್ಣ ಬದಲಾಗಿದ್ದರೆ ಐಸ್ ಇಡಬೇಡಿ. ತಣ್ಣಗಾದಷ್ಟೂ ರಕ್ತನಾಳ ಇನ್ನಷ್ಟು ಬಿಗಿಯುತ್ತದೆ, ಹಾನಿ ಹೆಚ್ಚುವ ಭಯವಿದೆ. ಉಜ್ಜಬೇಡಿ, ಬಿಸಿ ಶಾಖವನ್ನೂ ಕೊಡಬೇಡಿ. ಬಣ್ಣ ಬದಲಾದ ಭಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಫೋಟೊ ತೆಗೆದು, ಸಮಯ ಬರೆದಿಡಿ. ಹರಡುತ್ತಿದೆಯಾ ಅನ್ನುವುದು ಡಾಕ್ಟರಿಗೆ ಅದರಿಂದಲೇ ತಿಳಿಯುತ್ತದೆ. ಯಾವ ಔಷಧಿ, ಎಷ್ಟು ಹೊತ್ತಿಗೆ ಕೊಟ್ಟರು ಅನ್ನುವುದನ್ನೂ ಕೇಳಿಕೊಳ್ಳಿ. ಬೇಗ ಗೊತ್ತಾದರೆ ರಕ್ತದ ಹರಿವು ಸುಧಾರಿಸಲು ಔಷಧಿ ಕೊಟ್ಟು ನೋಡುತ್ತಾರೆ. ತಡವಾದರೆ ಸತ್ತ ಭಾಗ ತೆಗೆದು, ಕೆಲವೊಮ್ಮೆ ಚರ್ಮ ಕಸಿಯನ್ನೂ ಮಾಡಬೇಕಾಗುತ್ತದೆ.

ಕೀವು ತುಂಬುವುದು ಇನ್ನೊಂದು ತೊಂದರೆ. ಅದು ಸಾಮಾನ್ಯವಾಗಿ ಕೆಲವು ದಿನ ಬಿಟ್ಟು ಬರುತ್ತದೆ. ಜಾಗ ಬಿಸಿಯಾಗಿ, ಕೆಂಪಾಗಿ ಊದುತ್ತದೆ, ಜ್ವರ ಬರಬಹುದು. ಕೀವು ತೆಗೆಸಿದರೆ ವಾಸಿಯಾಗುತ್ತದೆ. ಕಾಲಿನುದ್ದಕ್ಕೂ ಶಾಕ್ ಹೊಡೆದಂತಾಗಿ ಪಾದ ಎತ್ತಲಾಗದಿದ್ದರೆ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರವಾದ ಸಯಾಟಿಕ್ ನರಕ್ಕೆ ಪೆಟ್ಟಾಗಿರಬಹುದು.

ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ಸಂದರ್ಭವೂ ಇದೆ. ನೋವು ಹೊರಗೆ ಕಾಣುವುದಕ್ಕಿಂತ ವಿಪರೀತವಾಗಿದ್ದು, ಊತ ಬೇಗ ಬೇಗ ಹರಡುತ್ತಾ, ಗುಳ್ಳೆ ಎದ್ದು, ಜ್ವರ ಬಂದು ತಾಯಿ ಮಂಕಾದರೆ ಅದು ಒಳಗಿನ ಪದರಗಳನ್ನು ತಿನ್ನುವ ಸೋಂಕು ಇರಬಹುದು. ಅದಕ್ಕೆ ತಕ್ಷಣ ಆಪರೇಷನ್ ಬೇಕು. ಕಾಲು ತಣ್ಣಗಾಗಿ ಬಣ್ಣಗೆಟ್ಟರೂ ಕಾಯಬೇಡಿ, ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಹಾಗಂತ ಎಲ್ಲ ಇಂಜೆಕ್ಷನ್ ಬೇಡ ಅನ್ನಬಾರದು. ಹೆರಿಗೆಯಾದ ಕೂಡಲೇ ಕೊಡುವ ಆಕ್ಸಿಟೋಸಿನ್ ರಕ್ತಸ್ರಾವ ತಡೆದು ಜೀವ ಉಳಿಸುತ್ತದೆ. ಅದನ್ನು ನಿರಾಕರಿಸಲೇಬೇಡಿ. ನೋವಿನ ಔಷಧಿಯ ಮಾತು ಬೇರೆ. ನುಂಗಲು ಆಗುತ್ತಿದ್ದರೆ "ಮಾತ್ರೆ ಸಾಕಾಗುತ್ತದಾ?" ಅಂತ ಕೇಳುವ ಹಕ್ಕು ಪ್ರತಿ ತಾಯಿಗೂ ಇದೆ. ಚುಚ್ಚಲೇಬೇಕಾದರೆ ಸೊಂಟದ ಪಕ್ಕದ ಭಾಗ ಹೆಚ್ಚು ಸುರಕ್ಷಿತ. ದೊಡ್ಡ ನರ, ರಕ್ತನಾಳಗಳು ಅಲ್ಲಿಂದ ದೂರ ಇವೆ. ಚುಚ್ಚುವಾಗ ಸಹಿಸಲಾಗದ ನೋವಾದರೆ ತಡೆದುಕೊಳ್ಳದೆ "ನಿಲ್ಲಿಸಿ" ಅನ್ನಲಿ.

ಚಿಕಿತ್ಸೆ ಶುರುವಾದರೆ ಹಾಲು ಕುಡಿಸಬಹುದಾ ಎಂಬ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮತ್ತು ಹಲವು ಆಂಟಿಬಯಾಟಿಕ್‌ಗಳನ್ನು ಹಾಲುಣಿಸುವಾಗಲೂ ಕೊಡುತ್ತಾರೆ. ಮಗು ಎದೆಹಾಲು ಕುಡಿಯುತ್ತಿದೆ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ, ಅದಕ್ಕೆ ತಕ್ಕ ಔಷಧಿ ಬರೆಯುತ್ತಾರೆ.