ಮಾವಿನ ಮರದ ಆರ್ಕಿಡ್ ಬಂದಳಿಕೆಯ ನೆಂಟನೇ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಪಿದೆ. ಮರಗಳ ಮೇಲೆ ಬಂದಳಿಕೆಯೂ ಇದೆ, ವಾಂಡ ಆರ್ಕಿಡ್ಡೂ ಇದೆ. ಎರಡೂ ಒಂದೇ ಕುಲದವಾ ಸರ್? ಡಿಎನ್‌ಎ ಏನು ಹೇಳುತ್ತೆ?

ಮಾವು ಹೂ ಬಿಡುವ ಹೊತ್ತಿಗೆ ಈ ಪ್ರಶ್ನೆಯೂ ತಪ್ಪದೆ ಬರುತ್ತದೆ. ಅಲ್ಲ ಸ್ವಾಮಿ, ಅಲ್ಲ.

‘ಮರದ ಮೇಲೆ ಬೆಳೆದದ್ದೆಲ್ಲ ಮರದ ರಸ ಹೀರುತ್ತೆ’ ಅನ್ನೋದನ್ನು ಮೊದಲು ತಲೆಯಿಂದ ತೆಗೆಯಿರಿ. ಬಂದಳಿಕೆ ಹತ್ತಿದ ಕೊಂಬೆಯನ್ನು ಗಂಟಿನ ಹತ್ತಿರ ಸೀಳಿ ನೋಡಿ. ಅದು ತೊಗಟೆ ದಾಟಿ ಮರದೊಳಕ್ಕೇ ಇಳಿದಿರುತ್ತದೆ. ನೀರು, ಲವಣ ಎಲ್ಲ ಅಲ್ಲಿಂದಲೇ. ಈಗ ವಾಂಡದ ಒಂದು ಬೇರನ್ನು ಮೆಲ್ಲಗೆ ಬಿಡಿಸಿ. ತೊಗಟೆಯ ಚೂರು ಅಂಟಿಕೊಂಡು ಬರಬಹುದು, ಅಷ್ಟೇ. ಕೆಳಗೆ ತೂತಿಲ್ಲ, ಗಾಯವಿಲ್ಲ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರ ಇದೆಯಲ್ಲ, ಅದಕ್ಕೆ ನೀರು ಚಿಮುಕಿಸಿದರೆ ನೋಡನೋಡುತ್ತಲೇ ಹಸಿರಾಗುತ್ತದೆ. ಮಳೆ, ಮಂಜು, ತೊಗಟೆ ಮೇಲೆ ಹರಿದ ನೀರು, ಕೂತ ಕಸ, ಅದರ ಊಟ ಇಷ್ಟೇ. ನರ್ಸರಿಯವರು ವಾಂಡವನ್ನು ಮಣ್ಣೂ ಇಲ್ಲದೆ ಮರವೂ ಇಲ್ಲದೆ ತಂತಿಗೆ ನೇತುಹಾಕಿ ಬೆಳೆಸುತ್ತಾರೆ. ಅಲ್ಲಿ ಯಾರ ರಸ ಹೀರುತ್ತೆ, ಹೇಳಿ?

‘ಮತ್ತೆ ಆರ್ಕಿಡ್ ಇರೋ ಕೊಂಬೆಯೇ ಒಣಗಿದೆಯಲ್ಲ’ ಅಂತ ಜಗಳಕ್ಕೆ ಬರುವವರೂ ಇದ್ದಾರೆ. ಧೂಳಿನಷ್ಟು ಸಣ್ಣ ಬೀಜ ಅದರದು. ನಿಲ್ಲೋಕೆ ಒರಟು ತೊಗಟೆ ಬೇಕು. ಒರಟು ತೊಗಟೆ ಹಳೆ ಕೊಂಬೆಯಲ್ಲೇ ಜಾಸ್ತಿ. ಹಳೆ ಕೊಂಬೆ ಒಣಗದೆ ಇನ್ನೇನು ಚಿಗುರು ಒಣಗುತ್ತಾ?

ಇನ್ನು ಡಿಎನ್‌ಎ. ಎಲೆಯ ಹಸಿರು ಕಣಗಳಲ್ಲಿ ಆರ್‌ಬಿಸಿಎಲ್ ಅನ್ನೋ ಜೀನ್ ಇದೆ. ಡಿಎನ್‌ಎಯ ಒಂದೊಂದು ಘಟಕವನ್ನೂ ಒಂದು ಅಕ್ಷರ ಅಂದುಕೊಂಡರೆ ಸುಮಾರು 1,400 ಅಕ್ಷರದ್ದು, ನಿಧಾನವಾಗಿ ಬದಲಾಗುವಂಥದ್ದು. ಯಾವ ಬದಲಾವಣೆ ಯಾವ ಯಾವ ಗಿಡದಲ್ಲಿ ಒಟ್ಟಿಗೆ ಕಾಣುತ್ತೆ ಅಂತ ಹುಡುಕಿದರೆ ವಂಶಾವಳಿ ಸಿಗುತ್ತದೆ. 1993ರಲ್ಲಿ ಸುಮಾರು 500 ಬೀಜಸಸ್ಯಗಳನ್ನು ಹೀಗೆ ಹೋಲಿಸಿದರು. ಇಂಥ ಹೋಲಿಕೆಗಳಿಂದ ಆರ್ಕಿಡ್ ಬಂದು ಕೂತದ್ದು ಈರುಳ್ಳಿ, ಬೆಳ್ಳುಳ್ಳಿ, ಶತಾವರಿಗಳ ಗಣದಲ್ಲಿ. ಬಂದಳಿಕೆ ಎಲ್ಲಿ? ಶ್ರೀಗಂಧದ ಗಣದಲ್ಲಿ! ಶ್ರೀಗಂಧವೂ ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡೇ ಬದುಕೋದು. ಸಸಿ ಪಕ್ಕ ತೊಗರಿ ಹಾಕಿ ಅನ್ನೋದು ಅದಕ್ಕೇ. ಅದನ್ನು ಮಾತ್ರ ಯಾರೂ ಬೈಯಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಆರ್ಕಿಡ್ ಎಷ್ಟು ಹಳೆಯದು? ಡಿಎನ್‌ಎ ವ್ಯತ್ಯಾಸ ಒಂದೇ ಇಟ್ಟುಕೊಂಡರೆ ವರ್ಷದ ಲೆಕ್ಕ ಸಿಗಲ್ಲ. ಕಾಲ ಗೊತ್ತಿರೋ ಪಳೆಯುಳಿಕೆ ಬೇಕು, ಆರ್ಕಿಡ್‌ಗೆ ಅದೇ ಅಪರೂಪ. ಡೊಮಿನಿಕನ್ ಗಣರಾಜ್ಯದ ಅಂಬರಿನಲ್ಲಿ, ಅಂದರೆ ಕಲ್ಲಾದ ಮರದ ಅಂಟಿನಲ್ಲಿ, ಮುಳ್ಳಿಲ್ಲದ ಜೇನುನೊಣವೊಂದು ಸಿಕ್ಕಿತು. ಅದರ ಬೆನ್ನ ಮೇಲೆ ಆರ್ಕಿಡ್‌ನ ಪರಾಗದ ಗಂಟು! ವಯಸ್ಸು 1.5ರಿಂದ 2 ಕೋಟಿ ವರ್ಷ. 2007ರಲ್ಲಿ ಅದನ್ನೇ ಗುರುತುಗಲ್ಲಾಗಿ ಇಟ್ಟುಕೊಂಡು ಡಿಎನ್‌ಎ ಲೆಕ್ಕ ಹಾಕಿದರು. ಈಗಿನ ಆರ್ಕಿಡ್‌ಗಳ ಮೂಲ 7.6ರಿಂದ 8.4 ಕೋಟಿ ವರ್ಷ ಹಿಂದಕ್ಕೆ ಹೋಯಿತು. ಆಗಿನ್ನೂ ಡೈನೋಸಾರ್‌ಗಳು ಓಡಾಡಿಕೊಂಡಿದ್ದವು.