ಒಂದು ಕಿಲೋಮೀಟರ್ ದೂರದ ಶಾಲೆ

ಜನವರಿಯಲ್ಲಿ ಬೆಳಿಗ್ಗೆ ಏಳೂವರೆಗೆ ಕೊಡಗಿನ ತಿತಿಮತಿ ಕಡೆ ರಸ್ತೆ ಬದಿ ನಿಂತರೆ ಕೂಲಿಯವರನ್ನು ತುಂಬಿಕೊಂಡ ಜೀಪುಗಳು ಒಂದರ ಹಿಂದೊಂದು ಹೋಗುತ್ತವೆ. ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ತೋಟದೊಳಗೆ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯ ಮುಂದೆ, ಎಂಟೊಂಬತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿರುತ್ತಾಳೆ. ಅವಳ ಹೆಸರು ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಅವಳು ಇಲ್ಲಿದ್ದಾಳೆ.

14 ವರ್ಷದವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ, ಅದೂ ಹತ್ತು ವರ್ಷದೊಳಗೆ ಅಂತ ಸಂವಿಧಾನದ 45ನೇ ವಿಧಿ ಹೇಳಿತ್ತು. ಆಗ ಕೊಡಗು ಬೇರೆ ರಾಜ್ಯ. 1956ರಲ್ಲಿ ಮೈಸೂರಿಗೆ ಸೇರಿತು. 1960ರ ಗಡುವು ಸುಮ್ನೆ ದಾಟಿಹೋಯಿತು.

1987ರಲ್ಲಿ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಕೇಳಿದ್ದು ಬಹಳ ಚಿಕ್ಕದು. ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು. ದೇಶ ಇಷ್ಟನ್ನೂ ಕೇಳಿಕೊಳ್ಳಬೇಕಾಗಿತ್ತು ಅಂದರೆ ಸ್ಥಿತಿ ಹೇಗಿದ್ದಿರಬೇಕು! 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮರುವರ್ಷ ರಾಜ್ಯದಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕು, ಹಿರಿಯದು ಮೂರರೊಳಗೆ ಎಂಬ ಲೆಕ್ಕ ಬಂತು.

ಅಂಕಿಅಂಶದಲ್ಲಿ ಕೊಡಗು ಚೆನ್ನಾಗಿಯೇ ಕಾಣುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 82.6. ಇಡೀ ರಾಜ್ಯದ್ದು ಶೇ 75ರ ಆಸುಪಾಸು. ಆದರೆ ಸರಾಸರಿಯೊಳಗೆ ಬುಡಕಟ್ಟಿನವರ ಹಾಡಿಯೂ ಕಾಣಲ್ಲ, ಲೈನ್ ಮನೆಯೂ ಕಾಣಲ್ಲ. ಮತ್ತೆ ಇಲ್ಲಿನ ಒಂದು ಕಿಲೋಮೀಟರ್ ಎಂದರೆ ಏನು? ಜುಲೈ ಮಳೆಯಲ್ಲಿ ಉಕ್ಕುವ ತೋಡು, ಎರಡೂ ಕಡೆ ಕಾಫಿ ಗಿಡ ಒತ್ತಿಕೊಂಡ ಕಾಲುದಾರಿ, ಹಿಂದಿನ ರಾತ್ರಿ ಆನೆ ನಡೆದ ಗುರುತು. ಆರು ವರ್ಷದ ಮಗುವನ್ನು ಆ ದಾರಿಯಲ್ಲಿ ಒಂಟಿಯಾಗಿ ಕಳಿಸುವ ತಾಯಿ ಯಾರು?

ಲೈನ್ ಮನೆಯ ಕಥೆಯೂ ಹಳೆಯದು. ಇಲ್ಲಿನ ಬುಡಕಟ್ಟಿನವರಾದ ಯರವರು ತಲೆಮಾರುಗಳ ಕಾಲ ಒಡೆಯರ ಮನೆಗೆ ಜೀತಕ್ಕಿದ್ದವರು. 1976ರ ಕಾಯ್ದೆ ಜೀತ ನಿಲ್ಲಿಸಿತು, ಭೂಮಿ ಕೊಡಲಿಲ್ಲ. ಸ್ವಂತ ಮನೆ ಇಲ್ಲದವರಿಗೆ ತೋಟ ಬದಲಾದರೆ ಮನೆಯೂ ಬದಲು, ಮಕ್ಕಳ ಶಾಲೆಯೂ ಬದಲು. ಟಿ.ಸಿ. ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಎಷ್ಟು ಅಪ್ಪ-ಅಮ್ಮಂದಿರಿಗೆ ಇದನ್ನು ಯಾರಾದರೂ ಕೂತು ಹೇಳಿದ್ದಾರೆ?

ಒಳಗೆ ಬಂದ ಮಗುವಿಗೆ ಇನ್ನೊಂದು ಕಷ್ಟ ಕಾದಿರುತ್ತದೆ, ಭಾಷೆ. ಒಂದೇ ತರಗತಿಯಲ್ಲಿ ಯರವ ನುಡಿ, ಜೇನು ಕುರುಬ ನುಡಿ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಈಚೆಗೆ ಅಸ್ಸಾಂ, ಬಂಗಾಳದಿಂದ ಬಂದ ಕೂಲಿಗಳ ಮಕ್ಕಳ ಮಾತು. ಪುಸ್ತಕ ಮಾತ್ರ ಕನ್ನಡದ್ದು. ಸಾಧ್ಯವಾದ ಮಟ್ಟಿಗೆ ಮನೆಮಾತಿನಲ್ಲೇ ಕಲಿಸಬೇಕು ಅಂತ ಕಾಯ್ದೆಯಲ್ಲಿದೆ. ಆದರೆ ಒಂದರಿಂದ ಐದರವರೆಗೆ ಇಬ್ಬರೇ ಟೀಚರ್, ಅವರಲ್ಲಿ ಒಬ್ಬರು ಮೀಟಿಂಗಿಗೆ ಹೋದ ದಿನ ಏನು ಮಾಡುವುದು? ಮಗು ಮಂದ ಅಲ್ಲ, ಅದಕ್ಕೆ ಪದವೇ ಗೊತ್ತಿಲ್ಲ ಅಷ್ಟೇ.

ಇದಕ್ಕೆ ದಾರಿ ಹುಡುಕಿದ್ದು ನಮ್ಮ ಪಕ್ಕದಲ್ಲೇ, ಅಲ್ವಾ? ನಾಗರಹೊಳೆ ಕಾಡಿನ ಆಚೆ, ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಹಲವು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಕೈಯಲ್ಲಿ ಕಾರ್ಡು, ಗೋಡೆಯ ಮೇಲೆ ಕಲಿಕೆಯ ಏಣಿ. ತಿಂಗಳು ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಅಲೆದಾಡುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಕಾಣುವುದಿಲ್ಲ. ಆದರೆ ಅದು ಇರುವುದು ಒಂದರಿಂದ ಮೂರರವರೆಗೆ ಮಾತ್ರ. ನಾಲ್ಕಕ್ಕೆ ಕಾಲಿಟ್ಟರೆ ಮತ್ತೆ ಅದೇ ಪುಸ್ತಕ, ಅದೇ ಪಾಠದ ಸರದಿ.

ಲೈನ್ ಮನೆ ಮುಂದೆ ನಿಂತ ಹುಡುಗಿಯ ವಯಸ್ಸು ಸರಿಯಾಗಿ ಅದೇ ನಾಲ್ಕನೆಯದಕ್ಕೆ ಸೇರುವುದು. ಕೊಯ್ಲು ಮುಗಿದು ಅವಳ ಮನೆಯವರು ಊರಿಗೆ ಮರಳುವಾಗ ಮಾರ್ಚ್ ಕೊನೆ. ಅಷ್ಟರಲ್ಲಿ ಅಲ್ಲಿ ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ.