ಸೋಗಾನೆವರೆಗೆ ಬಂದ ವಿಮಾನ ಇಳಿಯದೆ ಮತ್ತೆ ಮೇಲೇರಿದ್ದು ಯಾಕೆ?

ಪ್ರಶ್ನೆ: ಜುಲೈ ತಿಂಗಳಲ್ಲಿ ಅಮ್ಮ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವಿಮಾನದಲ್ಲಿ ಬರುತ್ತಿದ್ದರು. ಇನ್ನೇನು ನೆಲ ಮುಟ್ಟಿತು ಅನ್ನುವಾಗ ವಿಮಾನ ಜೋರಾಗಿ ಸದ್ದು ಮಾಡಿ ಮತ್ತೆ ಮೇಲೆ ಹೋಯಿತಂತೆ. ಎರಡನೇ ಸಲವೂ ಹಾಗೇ ಆಗಿ, ಕೊನೆಗೆ ಬೆಂಗಳೂರಿಗೇ ವಾಪಸ್. ನಮ್ಮ ರನ್‌ವೇ ಅಷ್ಟು ಉದ್ದ ಇದೆಯಲ್ಲ, ಪೈಲಟ್‌ಗೆ ಇಳಿಸಲು ಬರಲಿಲ್ಲವೇ? ಅಮ್ಮ ಇನ್ನು ವಿಮಾನವೇ ಹತ್ತಲ್ಲ ಅನ್ನುತ್ತಿದ್ದಾರೆ.
(ತೀರ್ಥಹಳ್ಳಿಯ ಓದುಗರು)

ಉತ್ತರ: ಅಮ್ಮನಿಗೆ ಮೊದಲು ಇಷ್ಟು ಹೇಳಿ. ಅವತ್ತು ಆ ವಿಮಾನ ನಡೆಸಿದವರಿಗೆ ಇಳಿಸಲು ಬರುತ್ತಿತ್ತು. ಇಳಿಸಬಾರದು ಅನ್ನುವುದೂ ಗೊತ್ತಿತ್ತು. ರನ್‌ವೇಯಲ್ಲಿ ಆಗುವ ಅಪಘಾತ ತಪ್ಪಿಸಲು ಪೈಲಟ್ ಕೈಯಲ್ಲಿರುವ ದೊಡ್ಡ ಉಪಾಯ ಇದೇ. ಇದಕ್ಕೆ ‘ಗೋ-ಅರೌಂಡ್’ ಅನ್ನುತ್ತಾರೆ. ಇಳಿಯುವುದನ್ನು ಅರ್ಧಕ್ಕೇ ಬಿಟ್ಟು, ಮತ್ತೆ ಮೇಲೇರಿ, ಸುತ್ತು ಹಾಕಿ ಬರುವುದು.

ಈ ಪ್ರಶ್ನೆ ನನಗೆ ಮಳೆಗಾಲ ಬಂತೆಂದರೆ ಬರುತ್ತಲೇ ಇರುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಒಮ್ಮೆ, ಚಳಿಗಾಲದ ಬೆಳಗಿನ ಮಂಜಿಗೆ ಇನ್ನೊಮ್ಮೆ. ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಅದು ಸಹಜ. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ. ತಲೆ ಮೇಲೆ ವಿಮಾನದ ಸದ್ದು ಕೇಳುತ್ತದೆ. ಆಮೇಲೆ ಆ ಸದ್ದು ದೂರ ಹೋಗುತ್ತದೆ. ಇಷ್ಟು ಹತ್ತಿರ ಬಂದು ಇಳಿಸದೆ ಹೋದರಲ್ಲ ಅನ್ನಿಸದೇ ಇರುತ್ತದೆಯೇ?

ಇನ್ನು ರನ್‌ವೇ ಉದ್ದದ ಮಾತು. ನೀವು ಹೇಳುವುದು ನಿಜ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇ ಸುಮಾರು 3.2 ಕಿ.ಮೀ. ಉದ್ದ. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಶುರುವಾದಾಗ ಬಂದದ್ದು ರೆಕ್ಕೆಗಳ ಮುಂದೆ ಫ್ಯಾನ್ ತಿರುಗುವ ಎಟಿಆರ್. ಅದು ಇಳಿದು ನಿಲ್ಲಲು ಈ ಉದ್ದದ ಅರ್ಧವೂ ಬೇಡ. ಆದರೆ ಉದ್ದದ ರನ್‌ವೇ ಉಪಯೋಗಕ್ಕೆ ಬರುವುದು ಚಕ್ರ ನೆಲ ಮುಟ್ಟಿದ ಮೇಲೆ. ನಿಮ್ಮ ಅಮ್ಮನ ವಿಮಾನಕ್ಕೆ ಎದುರಾದ ತೊಂದರೆ ಅದಕ್ಕೂ ಮೊದಲಿನದು. ರನ್‌ವೇ ಕಣ್ಣಿಗೆ ಬೀಳಲೇ ಇಲ್ಲ ಅಂತ ಕಾಣುತ್ತದೆ.

ಆಗುಂಬೆ ಘಾಟಿಯಲ್ಲಿ ಬಸ್ ಓಡಿಸುವ ಡ್ರೈವರ್‌ನ ನೆನಪು ಮಾಡಿಕೊಳ್ಳಿ. ಹದಿನಾಲ್ಕು ತಿರುವು, ಮುಂದೆ ಮಂಜು. ಏನೂ ಕಾಣದಿದ್ದರೆ ಆತ ಬ್ರೇಕ್ ಹಾಕಿ, ಲೈಟ್ ಉರಿಸಿ, ಪಕ್ಕಕ್ಕೆ ನಿಂತುಬಿಡಬಹುದು. ಇಳಿಯುತ್ತಿರುವ ಎಟಿಆರ್ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿರುತ್ತದೆ. ಗಾಳಿಯಲ್ಲಿ ನಿಲ್ಲಲು ಅದಕ್ಕೆ ಆಗುವುದಿಲ್ಲ. ಮತ್ತೆ ಮೇಲೇರುವುದೇ ಅದರ ಬ್ರೇಕ್.

ಎಲ್ಲಿ ಆ ಬ್ರೇಕ್ ಹಾಕಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಪ್ರತಿ ವಿಮಾನ ನಿಲ್ದಾಣಕ್ಕೂ, ಅಲ್ಲಿರುವ ಸಲಕರಣೆ ನೋಡಿಕೊಂಡು ಒಂದು ಎತ್ತರ ಗುರುತಿಸಿರುತ್ತಾರೆ. ಅಷ್ಟು ಕೆಳಗೆ ಬಂದಾಗ ರನ್‌ವೇ ಅಥವಾ ಅದರ ದೀಪಗಳು ಪೈಲಟ್ ಕಣ್ಣಿಗೆ ಕಾಣಲೇಬೇಕು. ಕಾಣದಿದ್ದರೆ ಮೇಲೇರಬೇಕು. ರೇಡಿಯೋ ಕಿರಣದಿಂದ ದಾರಿ ತೋರಿಸುವ ಐಎಲ್‌ಎಸ್ ವ್ಯವಸ್ಥೆಯ ಮೊದಲ ದರ್ಜೆಯಲ್ಲಿ ಈ ಎತ್ತರ 200 ಅಡಿ. ಮೂರು ಎತ್ತರದ ಅಡಿಕೆ ಮರಗಳನ್ನು ಒಂದರ ತುದಿಗೆ ಒಂದು ನಿಲ್ಲಿಸಿದಷ್ಟು. ರನ್‌ವೇ ಮೇಲೆ ಕನಿಷ್ಠ 550 ಮೀಟರ್ ದೂರ ಕಾಣುವಂತೆಯೂ ಇರಬೇಕು. ಅಂಥ ಸಲಕರಣೆ ಇಲ್ಲದ ಕಡೆ ತೀರ್ಮಾನದ ಎತ್ತರ ಇನ್ನೂ ಮೇಲೆ. ‘ಇನ್ನು ಸ್ವಲ್ಪ ಕೆಳಗೆ ಹೋಗಿ ನೋಡೋಣ’ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಮಂಜು ಒಂದೇ ಕಾರಣ ಅಂದುಕೊಳ್ಳಬೇಡಿ. ಎಲ್ಲ ಕಾಣುತ್ತಿದ್ದರೂ ವಿಮಾನ ಸರಿಯಾಗಿ ಬರುತ್ತಿಲ್ಲ ಅನ್ನಿಸಿದರೆ ಬಿಡಬೇಕು. ವೇಗ ಜಾಸ್ತಿ ಇರಬಹುದು. ಇರಬೇಕಾದ್ದಕ್ಕಿಂತ ಎತ್ತರದಲ್ಲಿರಬಹುದು. ಗಾಳಿ ಹಿಂದಿನಿಂದ ತಳ್ಳುತ್ತಿರಬಹುದು. ಸಾಮಾನ್ಯವಾಗಿ ಮೋಡವಿದ್ದಾಗ 1,000 ಅಡಿ, ಬಯಲು ಬೆಳಕಿದ್ದಾಗ 500 ಅಡಿ ತಲುಪುವಷ್ಟರಲ್ಲಿ ವೇಗ, ಇಳಿಯುವ ರೀತಿ, ಚಕ್ರ, ರೆಕ್ಕೆಯ ಪಟ್ಟಿ ಎಲ್ಲವೂ ಒಂದು ಹದಕ್ಕೆ ಬಂದಿರಬೇಕು. ಬಂದಿಲ್ಲವೆಂದರೆ ಗೋ-ಅರೌಂಡ್.

ಈ ನಿಯಮ ಮೀರಿದರೆ ಏನಾಗುತ್ತದೆ ಅನ್ನುವುದನ್ನು ನಾವು ಘಟ್ಟದ ಕೆಳಗೇ ಕಂಡಿದ್ದೇವೆ. ನಮ್ಮ ಮಲೆನಾಡಿನ ಎಷ್ಟೋ ಮನೆಯವರು ಗಲ್ಫ್‌ಗೆ ಹೋಗಿ ಬರುವುದು ಮಂಗಳೂರಿನಿಂದಲೇ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಅಲ್ಲಿನ ಗುಡ್ಡದ ತುದಿಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಅವತ್ತು ಮಳೆ ಇರಲಿಲ್ಲ. ಗಾಳಿ ಇರಲಿಲ್ಲ. ರನ್‌ವೇ ಚೆನ್ನಾಗಿ ಕಾಣುತ್ತಿತ್ತು. ಆದರೆ ವಿಮಾನ ಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿ, ಜಾಸ್ತಿ ವೇಗದಲ್ಲಿ ಬಂತು. ಪಕ್ಕದ ಸೀಟಿನ ಸಹಪೈಲಟ್ ಮೂರು ಸಲ ‘ಗೋ-ಅರೌಂಡ್’ ಅಂದರು. ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. 2,450 ಮೀಟರ್ ರನ್‌ವೇಯಲ್ಲಿ 1,500 ಮೀಟರ್‌ಗೂ ಹೆಚ್ಚು ಸುಮ್ನೆ ದಾಟಿಹೋದ ಮೇಲೆ ಚಕ್ರ ನೆಲ ಮುಟ್ಟಿತು.

ಆಮೇಲೆ ನಡೆದದ್ದು ಇನ್ನೂ ನೋವಿನದು. ಇಳಿದು, ವೇಗ ತಗ್ಗಿಸಲು ಎಂಜಿನ್ ರಿವರ್ಸ್ ಹಾಕಿಯಾದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದರು. ಅಷ್ಟು ಹೊತ್ತಿಗೆ ಅದು ಆಗದ ಕೆಲಸ. ಆ ಘಳಿಗೆಯಲ್ಲೂ ಪೂರ್ತಿ ಬ್ರೇಕ್ ಹಾಕಿದ್ದರೆ ನಿಲ್ಲಿಸಬಹುದಿತ್ತು ಎಂದು ತನಿಖಾ ವರದಿ ಹೇಳಿತು. ಸಹಪೈಲಟ್ ಮೊದಲ ಸಲ ಹೇಳಿದಾಗಲೇ ಆ ಮಾತು ಕೇಳಿದ್ದರೆ ವಿಮಾನ ಒಂದು ಸುತ್ತು ಹಾಕಿ, ಸ್ವಲ್ಪ ಹೊತ್ತಿಗೆ ಸುಖವಾಗಿ ಇಳಿದಿರುತ್ತಿತ್ತು. ಅಷ್ಟು ಜನ ಮನೆಗೆ ಹೋಗಿರುತ್ತಿದ್ದರು. ಆ ವರದಿಯ ಈ ಭಾಗ ಓದಿದಾಗಲೆಲ್ಲ ನನಗೆ ಮುಂದೆ ಓದಲು ಆಗುವುದಿಲ್ಲ.

ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ ಜೋರು ಮಳೆ. ಅಲ್ಲಿನದೂ ಗುಡ್ಡದ ಮೇಲಿನ ರನ್‌ವೇ. ಪೈಲಟ್‌ಗಳು ಮೊದಲ ಸಲ ಇಳಿಯದೆ ಮೇಲೇರಿದರು. ಅದು ಸರಿಯಾದ ತೀರ್ಮಾನ. ಎರಡನೇ ಸಲ, ಹಿಂದಿನಿಂದ ಗಾಳಿ ತಳ್ಳುತ್ತಿದ್ದ ದಿಕ್ಕಿನಿಂದ ಬಂದು, ಹೆಚ್ಚುಕಡಿಮೆ ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿದರು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಹೋದರು. ನಿಮ್ಮ ಅಮ್ಮನ ವಿಮಾನ ಎರಡನೇ ಸಲವೂ ಮೇಲೇರಿತು ಅಂದಿರಲ್ಲ, ಆ ಎರಡನೇ ಸಲದ್ದೇ ಕಷ್ಟದ ನಿರ್ಧಾರ. ಒಮ್ಮೆ ತಪ್ಪಿದ ಮೇಲೆ ‘ಈ ಸಲ ಇಳಿಸಿಯೇಬಿಡಬೇಕು’ ಅನ್ನುವ ಹಟ ಯಾರಿಗಾದರೂ ಬರುತ್ತದೆ.

ಆ ಹಟ ಎಷ್ಟು ಬಲವಾದದ್ದು ಗೊತ್ತೇ? ಫ್ಲೈಟ್ ಸೇಫ್ಟಿ ಫೌಂಡೇಶನ್ ಎಂಬ ಸಂಸ್ಥೆ ಇದನ್ನೇ ಹಿಡಿದು ಅಧ್ಯಯನ ಮಾಡಿತು. ಹದ ತಪ್ಪಿ ಇಳಿಯಲು ಬರುವ ವಿಮಾನಗಳಲ್ಲಿ ನೂರಕ್ಕೆ ಸುಮಾರು ಮೂರು ಮಾತ್ರ ಮತ್ತೆ ಮೇಲೇರುತ್ತವೆ. ಉಳಿದವು ಹಾಗೇ ಇಳಿಯುತ್ತವೆ. ಬಹುಪಾಲು ಸಲ ಏನೂ ಆಗುವುದಿಲ್ಲ. ಅದೇ ಧೈರ್ಯವಾಗಿ ಬೆಳೆಯುತ್ತದೆ. ಕೆಳಗೆ ಕಾಯುವ ನಾವು ‘ಇಳಿಸೋಕೆ ಬರಲ್ವಾ’ ಎಂದು ಬೈಯುವುದು ಆ ಹಟಕ್ಕೇ ನೀರೆರೆದಂತೆ. ಗೋ-ಅರೌಂಡ್ ಮಾಡಿದ ಪೈಲಟ್‌ಗೆ ಶಿಕ್ಷೆ ಇರಬಾರದು ಅನ್ನುವುದು ವಿಮಾನ ಸುರಕ್ಷತೆಯ ಜನ ಒಪ್ಪಿಕೊಂಡಿರುವ ಮಾತು. ಪ್ರಯಾಣಿಕರೂ ಅದನ್ನು ಒಪ್ಪಿಕೊಳ್ಳಬೇಕು.

ರನ್‌ವೇ ಖಾಲಿ ಇಲ್ಲದಿದ್ದಾಗಲೂ ಮೇಲೇರಬೇಕಾಗುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಕರಾವಳಿ ಕಾವಲು ಪಡೆಯ ಚಿಕ್ಕ ವಿಮಾನವೊಂದು ತನಗೆ ಅನುಮತಿ ಸಿಕ್ಕಿದೆ ಎಂದು ತಪ್ಪು ತಿಳಿದು ರನ್‌ವೇಗೆ ಬಂದು ಸುಮಾರು 40 ಸೆಕೆಂಡ್ ನಿಂತಿತ್ತು. ಕತ್ತಲಾಗಿತ್ತು. ಇಳಿಯುತ್ತಿದ್ದ ದೊಡ್ಡ ವಿಮಾನದವರಿಗೆ ಅದು ಕಾಣಲಿಲ್ಲ. ಕಂಡಿದ್ದರೆ ಮೇಲೇರುತ್ತಿದ್ದರು. ಚಿಕ್ಕ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ಸತ್ತರು. ದೊಡ್ಡದಕ್ಕೆ ಬೆಂಕಿ ಹತ್ತಿದರೂ 379 ಜನರೂ ಸಾಮಾನು ಬಿಟ್ಟು ಇಳಿದು ಬದುಕಿಕೊಂಡರು.

ಶಿವಮೊಗ್ಗದಲ್ಲಿ ದಿನಕ್ಕೆ ಬರುವ ವಿಮಾನ ಕಡಿಮೆ. ಎರಡು ವಿಮಾನ ಎದುರಾಗುವ ಭಯಕ್ಕಿಂತ ನನಗೆ ಪ್ರಾಣಿ, ಹಕ್ಕಿಗಳದ್ದೇ ಯೋಚನೆ. ಇದು ಮಲೆನಾಡು ನೋಡಿ. ಕಾಡುಹಂದಿ, ನವಿಲು, ಬಿಡಾಡಿ ದನ, ನಾಯಿ ಯಾವುದಕ್ಕೂ ಬರವಿಲ್ಲ. 2014ರ ನವೆಂಬರ್‌ನಲ್ಲಿ ಸೂರತ್‌ನಲ್ಲಿ ಮೇಲೇರಲು ಓಡುತ್ತಿದ್ದ ವಿಮಾನಕ್ಕೆ ಎಮ್ಮೆ ಅಡ್ಡ ಬಂತು. 2015ರ ಡಿಸೆಂಬರ್‌ನಲ್ಲಿ ಜಬಲ್‌ಪುರದಲ್ಲಿ ಇಳಿದ ವಿಮಾನ ಹಂದಿಗಳ ಹಿಂಡಿಗೆ ಬಡಿದು ರನ್‌ವೇಯಿಂದ ಪಕ್ಕಕ್ಕೆ ಹೋಯಿತು. ಜೀವ ಹೋಗಲಿಲ್ಲ ಅನ್ನುವುದೊಂದೇ ಸಮಾಧಾನ. ಬೇಲಿ ಗಟ್ಟಿಯಾಗಿರಬೇಕು, ಬೇಲಿ ಕೆಳಗೆ ಹಂದಿ ತೋಡಿದ ಗುಂಡಿ ಮುಚ್ಚಬೇಕು, ಹುಲ್ಲು ಕತ್ತರಿಸಬೇಕು, ವಿಮಾನ ಬರುವ ಮೊದಲು ಜೀಪಿನಲ್ಲಿ ಹೋಗಿ ರನ್‌ವೇ ನೋಡಬೇಕು. ಇವು ನಿಲ್ದಾಣದವರ ಕೆಲಸ.

ನಮ್ಮ ಕೆಲಸವೂ ಒಂದಿದೆ. ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಹಕ್ಕಿ, ಪ್ರಾಣಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಎಸೆಯಬಾರದು ಎಂಬ ನಿಯಮ ದೇಶದಲ್ಲಿದೆ. ಸೋಗಾನೆ ಸುತ್ತಲಿನ ಹಳ್ಳಿಗಳವರು, ರಸ್ತೆ ಬದಿ ಕೋಳಿ ಅಂಗಡಿ ಇಟ್ಟವರು ಇದನ್ನು ದಯವಿಟ್ಟು ಗಮನಿಸಬೇಕು. ಕೋಳಿಯ ಕರುಳು ಎಸೆದ ಕಡೆ ಹದ್ದು ಸುತ್ತುತ್ತದೆ, ನಾಯಿ ಸೇರುತ್ತದೆ. ಹದ್ದು ಎಂಜಿನ್‌ಗೆ ಸಿಕ್ಕರೆ ಏನಾದೀತು ಎಂದು ಯೋಚಿಸಿ.

ಗೋ-ಅರೌಂಡ್‌ನಲ್ಲಿ ಅಪಾಯ ಇಲ್ಲವೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ವಿಮಾನ ದುಬೈನಲ್ಲಿ ಚಕ್ರ ನೆಲಕ್ಕೆ ತಾಗಿದ ಮೇಲೆ ಮತ್ತೆ ಮೇಲೇರಲು ಹೋಯಿತು. ಎಂಜಿನ್‌ಗಳಿಗೆ ಬೇಕಾದ ಶಕ್ತಿ ಕೊಟ್ಟಿರಲಿಲ್ಲ. ವಿಮಾನ ರನ್‌ವೇ ಮೇಲೇ ಬಿತ್ತು. ಒಳಗಿದ್ದ 300 ಜನರೂ ಪಾರಾದರು, ಬೆಂಕಿ ಆರಿಸಲು ಬಂದ ಒಬ್ಬರು ತೀರಿಕೊಂಡರು. ಅದಕ್ಕೇ ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೇ ವಿಮಾನ ನಡೆಸಿದಂತೆ ಅಭ್ಯಾಸ ಮಾಡಿಸುವ ಯಂತ್ರದಲ್ಲಿ, ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಇಳಿಯಲು ಶುರುಮಾಡುವ ಮೊದಲೇ ‘ಇಳಿಯಲಾಗದಿದ್ದರೆ ಯಾವ ಕಡೆ ತಿರುಗಬೇಕು, ಎಷ್ಟು ಎತ್ತರಕ್ಕೆ ಹೋಗಬೇಕು’ ಎಂದು ಇಬ್ಬರೂ ಮಾತಾಡಿಕೊಂಡಿರುತ್ತಾರೆ. ಅಮ್ಮ ಕೇಳಿದ ಆ ಜೋರು ಸದ್ದು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟಾಗ ಬರುವ ಸದ್ದು. ಸೀಟಿಗೆ ಒತ್ತಿಹಿಡಿದಂತೆ ಆಗುತ್ತದೆ, ಹೊಟ್ಟೆ ತೊಳಸುತ್ತದೆ. ಪೈಲಟ್ ತಕ್ಷಣ ಏನೂ ಹೇಳದಿದ್ದರೆ ಗಾಬರಿಯಾಗುವುದು ಬೇಡ. ಆ ಒಂದೆರಡು ನಿಮಿಷ ಅವರಿಗೆ ಕೈತುಂಬ ಕೆಲಸ.

ವಾಪಸ್ ಹೋಗುವಷ್ಟು ಇಂಧನ ಇತ್ತೇ ಎಂದೂ ಕೆಲವರು ಕೇಳುತ್ತಾರೆ. ಇರುತ್ತದೆ. ಹೊರಡುವ ಮೊದಲೇ ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು ಹಾಕಿ, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಬೇರೆ ಇಟ್ಟಿರುತ್ತಾರೆ.

ಅಮ್ಮನನ್ನು ಮತ್ತೆ ವಿಮಾನ ಹತ್ತಿಸಿ. ಮಳೆಗಾಲದಲ್ಲಿ ಟಿಕೆಟ್ ಮಾಡುವಾಗ ಮಾತ್ರ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಬೆಳಗ್ಗೆ ಇಳಿದು ಮಧ್ಯಾಹ್ನದ ಮುಹೂರ್ತಕ್ಕೆ ತೀರ್ಥಹಳ್ಳಿ ಮುಟ್ಟುತ್ತೇನೆ ಎಂಬ ಲೆಕ್ಕ ಬೇಡ. ಅವತ್ತೇ ಬರಲೇಬೇಕು ಅಂತಿದ್ದರೆ ಹಿಂದಿನ ರಾತ್ರಿಯ ರೈಲಿಗೆ ಹತ್ತಿಸಿಬಿಡಿ.